ಡಿಸೆಂಬರಿನಲ್ಲಿ ಅಲ್ಲ, ಏಪ್ರಿಲ್‌ನಲ್ಲಿ ಬಂದು ನೋಡು

ನವನಗರ, ಬಾಗಲಕೋಟೆ

ಚಿರಂಜೀವಿಗೆ ನಿನ್ನ ದೊಡ್ಡವ್ವನ ಆಶೀರ್ವಾದಗಳು.

ಭಾನುವಾರ ನೀನು ಫೋನ್ ಇಟ್ಟಾಗ ಇಲ್ಲಿ ರಾತ್ರಿ ಹತ್ತೂವರೆ. ಒಂದೂವರೆ ಗಂಟೆ ಮಾತಾಡಿದೆ. ಅಮೆರಿಕ ಬಿಟ್ಟು ವಾಪಸ್ ಬರುತ್ತೇನೆ, ಗಟ್ಟಿ ಮಾಡಿದ್ದೇನೆ, ನೀನು ಏನಂತೀ ಹೇಳು ಅಂದೆ. ನಾನು ಹೇಳೋಕೆ ಬಾಯಿ ತೆರೆದಾಗಲೆಲ್ಲ ನೀನೇ ಮಾತಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರಕ್ಕೆ ಯಾರೂ ನಡುವೆ ಬಾಯಿ ಹಾಕೋಕೆ ಆಗಲ್ಲ, ಅಲ್ವಾ? ಪುಸ್ತಕದ ಭಾಷೆಯಲ್ಲಿ ಬರೆಯುತ್ತಿರುವುದು ನಿನ್ನ ಹೆಂಡತಿಯೂ ಓದಲಿ ಅಂತ. ಮೈಸೂರಿನ ಹುಡುಗಿ. ನಮ್ಮ ಮಾತಿನಲ್ಲಿ ಅರ್ಧಕ್ಕೆ ಇನ್ನೂ ನಗುತ್ತಾಳೆ, ಇನ್ನರ್ಧಕ್ಕೆ ನಿನ್ನ ಮುಖ ನೋಡುತ್ತಾಳೆ.

ಮೊದಲು ಅವಳ ವಿಷಯವೇ. ಅಷ್ಟು ಹೊತ್ತಿನಲ್ಲಿ ಅವಳ ಹೆಸರು ನಿನ್ನ ಬಾಯಿಂದ ಎರಡು ಸಲ ಬಂತು. ಎರಡೂ ಸಲ ಸಾಮಾನು ಪ್ಯಾಕ್ ಮಾಡುವ ಮಾತಿಗೆ. ಆಸ್ಪತ್ರೆಯ ಲ್ಯಾಬ್‌ನಲ್ಲಿ ಹನ್ನೊಂದು ವರ್ಷ ದುಡಿದವಳು ಬಾಗಲಕೋಟೆಯಲ್ಲಿ ಏನು ಮಾಡುತ್ತಾಳೆ? ನಿನ್ನ ಕೆಲಸವೇನೋ ಕಂಪ್ಯೂಟರಿನದು, ಇಲ್ಲಿಂದಲೇ ಮಾಡುತ್ತೀ. ಅವಳು? ಅವಳ ಪಾಲಿಗೆ ಇದು ತವರಿಗೆ ಮರಳುವುದೂ ಅಲ್ಲ. ಅವಳ ಊರು ಇನ್ನೂ ಒಂದು ರಾತ್ರಿಯ ರೈಲಿನಷ್ಟು ದೂರ. ನೀನು ಊರಿಗೆ ಬರುತ್ತೀ, ಅವಳು ಮತ್ತೊಂದು ಪರಸ್ಥಳಕ್ಕೆ ಬರುತ್ತಾಳೆ. ಅವಳು "ಹೂಂ" ಅಂದಿದ್ದಾಳೆ ಅಂದೆ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕೂತವಳು ನಾನು. ಗಂಡ ತೋರಿಸಿದ ಜಾಗದಲ್ಲಿ ಸಹಿ ಹಾಕುವ ಹೆಂಗಸರ "ಹೂಂ" ಎಂಥದ್ದು ಅಂತ ನನಗೆ ಗೊತ್ತು. ಇನ್ನೊಮ್ಮೆ ಕೇಳು. ಕೇಳಿ ಸುಮ್ಮನೆ ಕೂತಿರು.

ಈಗ ನಿನಗೆ ಬೇಜಾರಾಗುವ ಮಾತು. "ನಮ್ಮ ಊರಿಗೆ ಬರುತ್ತೇನೆ ದೊಡ್ಡವ್ವ" ಅಂದೆಯಲ್ಲ, ಆ ಊರು ಎಲ್ಲಿದೆ ಹೇಳು?

ನಮ್ಮ ಮನೆ ನೀರಿಗೆ ಹೋದಾಗ ನೀನು ಹತ್ತನೇ ಕ್ಲಾಸಿನಲ್ಲಿದ್ದೆ. ಅದನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟಿನ ಅಡಿಗಲ್ಲು 1964ರಲ್ಲೇ ಬಿದ್ದಿತ್ತು. ನಮ್ಮ ಮದುವೆಗಳಾಗಿ, ಮಕ್ಕಳಾಗಿ, ಹಿರಿಯರು ಸತ್ತು, ಆದರೂ ನೀರು ಬರಲಿಲ್ಲ. ಬರುವುದೇ ಇಲ್ಲ ಅಂದುಕೊಂಡಿದ್ದೆವು. ಬಂತು. ನಿಮ್ಮ ದೊಡ್ಡಪ್ಪ ಹಳೆ ಮನೆಯ ಸಾಗುವಾನಿ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ತಂದರು. ಎತ್ತಿನ ಗಾಡಿಯಲ್ಲಿ, ಮಗುವಿಗೆ ಹೊದಿಸಿದ ಹಾಗೆ ಗೋಣಿಚೀಲ ಹೊದಿಸಿಕೊಂಡು. ಅದು ಎರಡು ಮೊಳ ದಪ್ಪದ ಮಣ್ಣಿನ ಗೋಡೆಗೆ ಮಾಡಿದ ಚೌಕಟ್ಟು. ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಈ ಮನೆಯ ಗೋಡೆ ಒಂಬತ್ತು ಇಂಚು. ಗೌಂಡಿ ಎರಡು ಸಲ ಗೋಡೆ ಒಡೆದ. ಕೊನೆಗೂ ಕೂಡಿಸಿದರು. ಚೌಕಟ್ಟು ಒಳಗೂ ಹೊರಗೂ ಗೇಣುಗೇಣು ಚಾಚಿಕೊಂಡು ನಿಂತಿತು. ಇವತ್ತಿಗೂ ಪ್ರತಿ ಮಳೆಗಾಲ ಆ ಬಾಗಿಲು ಉಬ್ಬುತ್ತದೆ. ಹೆಗಲು ಕೊಟ್ಟು ನೂಕದೆ ಮುಚ್ಚಲ್ಲ. ನಿಮ್ಮ ದೊಡ್ಡಪ್ಪ ಇರುವವರೆಗೆ ವರ್ಷಕ್ಕೊಮ್ಮೆ ಅಂಚನ್ನು ಹೆರೆಯುತ್ತಿದ್ದರು. ಬೇಸಿಗೆಯಲ್ಲಿ ಆ ಸಂದಿನಿಂದ ಹಲ್ಲಿ ಒಳಗೆ ಬರುತ್ತಿತ್ತು. ಹೊಸ ಬಾಗಿಲು ಹಾಕಿಸಿ ಅಂದರೆ ಎರಡು ದಿನ ಮಾತು ಬಿಡುತ್ತಿದ್ದರು.

ನವನಗರಕ್ಕೆ ಬಂದು ಎಷ್ಟೋ ವರ್ಷ ನಾನು ಇಲ್ಲಿ ಮನೆ ಮಾಡಲೇ ಇಲ್ಲ. ಸೆಕ್ಟರ್ ನಂಬರ್ ಹೇಳಿ ವಿಳಾಸ ಕೊಡೋಕೆ ನಾಚಿಕೆ. ಹಳೆ ಪೇಟೆಯ ಬೀದಿಯಲ್ಲಿ ನಾಲ್ಕು ಹೆಜ್ಜೆಗೆ ನಾಲ್ಕು ಜನ "ಎಲ್ಲಿಗೆ ಹೊಂಟ್ರಿ" ಅಂತ ಕೇಳುತ್ತಿದ್ದರು. ಇಲ್ಲಿ ಅಗಲವಾದ ಡಾಂಬರು ರಸ್ತೆಯಲ್ಲಿ ಒಬ್ಬಳೇ ನಡೆಯಬೇಕು. ಪಕ್ಕದ ಮನೆಯವರ ಜೊತೆ ಮಾತು ಶುರುವಾಗೋಕೆ ಎರಡು ವರ್ಷ ಹಿಡಿಯಿತು. ತಪ್ಪು ಅವರದಲ್ಲ. ನಾನು ಹಳೆಯ ನೆರೆಯವರನ್ನೇ ಹುಡುಕುತ್ತಿದ್ದೆ. ಒಂದು ಬೇಸಿಗೆ ಘಟಪ್ರಭೆಯ ಹಿನ್ನೀರು ಇಳಿದಾಗ ಹೋಗಿ ನೋಡಿದೆ. ಮನೆಯ ಜಾಗ ಗುರುತಾಗಲಿಲ್ಲ. ಬಾವಿಯ ಕಟ್ಟೆ ಕಲ್ಲು ಸಿಕ್ಕಿತು, ಹಗ್ಗ ಉಜ್ಜಿ ಬಿದ್ದ ಗೀರು ಹಾಗೇ ಇತ್ತು. ಅಲ್ಲಿಂದ ನಮ್ಮ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಎಣಿಸಿಕೊಂಡು ನಡೆದೆ. ಬಿರಿದ ಕೆಸರು, ಅದರ ಮೇಲೆ ಯಾರದೋ ಎಮ್ಮೆಯ ಹೆಜ್ಜೆ. ಮನೆಗೆ ಬಂದು ಪಕ್ಕದ ಮನೆಯವಳಿಗೆ ಒಂದು ಬಟ್ಟಲು ಶೇಂಗಾ ಚಟ್ನಿ ಕೊಟ್ಟು ಬಂದೆ.

ನೀನು 2010ರಲ್ಲಿ ಬಿಟ್ಟು ಹೋದ ಊರಿಗೆ ಯಾರೂ ಅಣೆಕಟ್ಟು ಕಟ್ಟಿಲ್ಲ, ಆದರೂ ಅದು ಇಲ್ಲ. ನಿನ್ನ ಗೆಳೆಯರಲ್ಲಿ ಇಬ್ಬರು ಪುಣೆಯಲ್ಲಿದ್ದಾರೆ, ಒಬ್ಬ ಬೆಂಗಳೂರಿನಲ್ಲಿ. ಇಲ್ಲೇ ಇರುವವನು ಅಂಗಡಿ ಮುಚ್ಚಿ ಮನೆಗೆ ಹೋಗುವುದು ರಾತ್ರಿ ಒಂಬತ್ತೂವರೆಗೆ. ನಿನ್ನ ಜಾಗ ಹಿಡಿದಿಟ್ಟುಕೊಂಡು ಯಾರೂ ಕೂತಿಲ್ಲ ಮಗನೇ. ಬಂದರೆ ವರ್ಗವಾಗಿ ಬಂದ ನೌಕರನ ಹಾಗೆ ಬಾ. ಹೊಸ ಊರು, ಹೊಸ ಜನ, ಭಾಷೆ ಮಾತ್ರ ಪುಣ್ಯಕ್ಕೆ ಬರುತ್ತದೆ.

ನೀನು ರಜೆಗೆ ಬಂದದ್ದೆಲ್ಲ ಡಿಸೆಂಬರಿನಲ್ಲೇ. ಆಗ ನಮ್ಮ ಊರು ಮದುವಣಗಿತ್ತಿ. ತಂಪು ಗಾಳಿ, ಹಸಿ ಕಡಲೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ದಿನಕ್ಕೊಂದು ಮನೆಯಲ್ಲಿ ಊಟ. ಇಪ್ಪತ್ತು ದಿನ ಎಲ್ಲರೂ ನಿನ್ನನ್ನು ಅಳಿಯನ ಹಾಗೆ ನೋಡಿಕೊಂಡು ಅಮೀನಗಡದ ಕರದಂಟು ಕಟ್ಟಿ ಕಳಿಸುತ್ತಾರೆ. ಅದನ್ನು ನಂಬಿ ಟಿಕೆಟ್ ತೆಗೆಯಬೇಡ. ಈ ಏಪ್ರಿಲ್‌ನಲ್ಲಿ ಮೂರು ವಾರಕ್ಕೆ ಒಬ್ಬನೇ ಬಾ. ನಲವತ್ತು ಡಿಗ್ರಿ ದಾಟಿರುತ್ತದೆ. ಯಾರ ಮನೆಯ ಊಟಕ್ಕೂ ಹೋಗಬೇಡ. ಇಲ್ಲಿಂದಲೇ ರಾತ್ರಿಯೆಲ್ಲ ನಿನ್ನ ಆಫೀಸಿನ ಮೀಟಿಂಗ್ ಮಾಡು, ಬೆಳಿಗ್ಗೆ ಮಲಗು. ತರಕಾರಿ ಗಾಡಿಯವನ ಕೂಗಿಗೂ ಎದುರು ಮನೆಯ ಮಿಕ್ಸರಿಗೂ ನಿದ್ದೆ ಬರುತ್ತದಾ ನೋಡು. ಮಧ್ಯಾಹ್ನ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲು.

ಯಾವ ಕಚೇರಿಗೆ ಅಂದರೆ ಹೊಲದ ಕೆಲಸಕ್ಕೆ. ನಿಮ್ಮಪ್ಪ ಹೋಗಿ ಆರು ವರ್ಷ, ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇನ್ನೂ ಅವರ ಹೆಸರೇ ಇದೆ. ಮರಣ ಪ್ರಮಾಣಪತ್ರ, ವಂಶಾವಳಿ ಎಲ್ಲ ಇಟ್ಟುಕೊಂಡು ನಾಡಕಚೇರಿಯಲ್ಲಿ ವಾರಸಾ ಅರ್ಜಿ ಕೊಡು. ನಾನು ನನ್ನ ಪಾಲಿನ ಕಾಗದಕ್ಕೆ ಒಂದು ಕಚೇರಿಗೆ ಹದಿನೇಳು ಸಲ ಹೋಗಿದ್ದೇನೆ. ಹದಿನೇಳನೇ ಸಲ ಗೊತ್ತಾಯಿತು, ಮೊದಲ ದಿನ ಕೊಟ್ಟ ಅರ್ಜಿಯಲ್ಲಿ ಸರ್ವೆ ನಂಬರಿನ ಹಿಸ್ಸಾ ತಪ್ಪು ಬರೆದಿತ್ತಂತೆ. ಹದಿನಾರು ಸಲ ಯಾರೂ ಹೇಳಲಿಲ್ಲ. ನಾನೂ ಓದಲಿಲ್ಲ, ಬ್ಯಾಂಕಿನವಳಾಗಿ! ನಿನಗೆ ಆ ಸಾಲಿನಲ್ಲಿ ನಿಂತಾಗ ಸಿಟ್ಟು ಬಂದರೆ ಪರವಾಗಿಲ್ಲ, ಎಲ್ಲರಿಗೂ ಬರುತ್ತದೆ. "ಅಮೆರಿಕದಲ್ಲಾದರೆ" ಅಂತ ಬಾಯಿಗೆ ಬಂದರೆ ಮಾತ್ರ ಎಷ್ಟು ಸಲ ಬಂತು ಅಂತ ಲೆಕ್ಕ ಇಡು. ದಿನಕ್ಕೆ ಐದಕ್ಕಿಂತ ಜಾಸ್ತಿ ಆದರೆ ಇನ್ನೆರಡು ವರ್ಷ ಅಲ್ಲೇ ಇರು.

ಪಕ್ಕದ ಹೊಲ ಮಾರಾಟಕ್ಕಿದೆ ಅಂತ ಯಾರೋ ನಿನಗೆ ವಾಟ್ಸಾಪ್ ಮಾಡಿದ್ದಾರಂತೆ. ಭೂಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದ ಮೇಲೆ ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂತ ಏಜೆಂಟರು ಹೇಳುವುದು ರಾಜ್ಯದ ಕಾನೂನಿನ ಮಟ್ಟಿಗೆ ನಿಜ. ಆದರೆ ವಿದೇಶಿ ವಿನಿಮಯದ ನಿಯಮ ಬೇರೆ. ಅನಿವಾಸಿ ಆಗಿರುವವರೆಗೆ ನೀನು ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ವಾರಸದಿಂದ ಬಂದದ್ದಕ್ಕೆ ತಡೆಯಿಲ್ಲ. ಮುಂಗಡ ಕಳಿಸಬೇಡ. ಇನ್ನು ಆಲಮಟ್ಟಿ ಎತ್ತರದ ಮಾತು. 519.60 ಮೀಟರ್ ಇರುವುದನ್ನು 524.256ಕ್ಕೆ ಏರಿಸುತ್ತಾರೆ, ಮುಳುಗುವ ಹೊಲಕ್ಕೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣ ಬೇಸಾಯವಾದರೆ 30 ಲಕ್ಷ ಅಂತ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಹೇಳಿತಲ್ಲ, ಅದನ್ನು ನೀನು ನಿನ್ನ ಲೆಕ್ಕದ ಹಾಳೆಯಲ್ಲಿ ಸೇರಿಸಿದ್ದೀ. ತೆಗೆದುಹಾಕು. ಪರಿಹಾರದ ಹಣ ಕೈಗೆ ಬರುವ ಮೊದಲೇ ಖರ್ಚು ಮಾಡಿದ ಮನೆಗಳನ್ನು ನಾನು ಒಮ್ಮೆ ನೋಡಿದ್ದೇನೆ. ಅದರಲ್ಲಿ ನಮ್ಮದೂ ಒಂದು.

ಹಣದ ವಿಷಯ ನನ್ನ ಕಸುಬು, ಚಿಕ್ಕದಾಗಿ ಹೇಳುತ್ತೇನೆ. ನೆಲೆಸೋಕೆ ಅಂತ ಬಂದ ಮೇಲೆ ಅನಿವಾಸಿಗಳಿಗೆ ಇರುವ ಎನ್‌ಆರ್‌ಇ ಖಾತೆ ಎನ್‌ಆರ್‌ಇ ಆಗಿ ಉಳಿಯುವ ಹಾಗಿಲ್ಲ. ಬ್ಯಾಂಕಿಗೆ ತಿಳಿಸಿ ಸಾಮಾನ್ಯ ಖಾತೆ ಮಾಡಿಸು, ಇಲ್ಲವೇ ವಾಪಸ್ ಬಂದವರು ವಿದೇಶಿ ಹಣ ಇಡುವ ಆರ್‌ಎಫ್‌ಸಿ ಖಾತೆಗೆ ಹಾಕು. ಆರ್‌ಎಫ್‌ಸಿ ಆದರೆ ಡಾಲರ್ ಡಾಲರಾಗಿಯೇ ಇರುತ್ತದೆ. ಅನಿವಾಸಿ ಇದ್ದಾಗ ವಿದೇಶಿ ಹಣದಲ್ಲಿಟ್ಟ ಎಫ್‌ಸಿಎನ್‌ಆರ್ ಠೇವಣಿ ಅವಧಿ ಮುಗಿಯುವವರೆಗೆ ಇರಲಿ. "ಯಾರು ನೋಡ್ತಾರೆ" ಅಂತ ಸುಮ್ನೆ ಬಿಟ್ಟು, ಬಡ್ಡಿಗೆ ತೆರಿಗೆ ಇಲ್ಲ ಅಂದುಕೊಂಡು ಕೂತವರು ಆಮೇಲೆ ನನ್ನ ಕೌಂಟರಿಗೆ ನೋಟಿಸ್ ಹಿಡಿದು ಬರುತ್ತಿದ್ದರು. ತೆರಿಗೆಯಲ್ಲಿ ನಿನಗೆ ಮೊದಲ ಎರಡು ಮೂರು ವರ್ಷ ಆರ್‌ಎನ್‌ಒಆರ್ ಅನ್ನುವ ಸ್ಥಾನ ಸಿಗುತ್ತದೆ. ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ ಇದು ಅನ್ವಯ. ಮನೆ ಅಳಿಯನ ಹಾಗೆ ಅನ್ನು, ಮನೆಯವನೂ ಹೌದು, ಅಲ್ಲವೂ ಹೌದು. ಆ ಅವಧಿಯಲ್ಲಿ ಅಲ್ಲಿನ ಬಡ್ಡಿ, ಡಿವಿಡೆಂಡಿಗೆ ಇಲ್ಲಿ ತೆರಿಗೆ ಇಲ್ಲ. ಇಲ್ಲಿ ಕೂತು ಮಾಡುವ ಕೆಲಸದ ಸಂಬಳಕ್ಕೆ ಇದೆ, ಅದು ಅಮೆರಿಕದ ಬ್ಯಾಂಕಿಗೇ ಬಿದ್ದರೂ. ಆಮೇಲೆ ಎಲ್ಲಕ್ಕೂ ಇದೆ, ಅಲ್ಲಿನ ಆಸ್ತಿಯನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ಒಳ್ಳೆಯ ಲೆಕ್ಕಪರಿಶೋಧಕರನ್ನು ಹಿಡಿ, ಅವರ ಫೀ ಕಡಿಮೆ ಮಾಡಿಸೋಕೆ ಹೋಗಬೇಡ.

ಅಕ್ಟೋಬರ್ ಕೊನೆಗೆ ಬಂದರೆ ಆ ತೆರಿಗೆ ವರ್ಷದಲ್ಲಿ ಇಲ್ಲಿ ಇದ್ದದ್ದು 182 ದಿನ ಆಗಲ್ಲ, ಪೂರ್ತಿ ಅನಿವಾಸಿ ಆಗಿಯೇ ಉಳಿಯಬಹುದು ಅಂತ ನಿನ್ನ ಗೆಳೆಯ ಹೇಳಿದನಂತೆ. ಲೆಕ್ಕ ಸರಿ. ಆದರೆ ಮಗಳ ಶಾಲೆ? ಹನ್ನೊಂದು ವರ್ಷದ ಹುಡುಗಿ ಅರ್ಧ ವರ್ಷ ಕಳೆದ ಮೇಲೆ ತರಗತಿಗೆ ಕಾಲಿಟ್ಟರೆ ಆಗಲೇ ಜೋಡಿಯಾಗಿ ಕೂತ ಬೆಂಚುಗಳಲ್ಲಿ ಅವಳಿಗೆ ಜಾಗ ಎಲ್ಲಿ? ಮೇ ಕೊನೆಗೆ ಬನ್ನಿ. ತೆರಿಗೆಗೆ ಆರ್‌ಎನ್‌ಒಆರ್ ಇದೆ. ಅವಳಿಗೆ ಈಗಿನಿಂದಲೇ ಕನ್ನಡ ಓದಲು ಕಲಿಸು, ಮಾತು ಬಂದರೆ ಸಾಲದು. 2015ರ ಕನ್ನಡ ಕಲಿಕಾ ಕಾಯ್ದೆ ಆದಮೇಲೆ ಸಿಬಿಎಸ್‌ಇ ಶಾಲೆಗಳಲ್ಲೂ ಕನ್ನಡ ಇದೆ. ಅವಳು ತಾಯಿಯ ಹಾಗೆ "ಬರ್ತೀನಿ, ಹೋಗ್ತೀನಿ" ಅಂದರೆ ಇಲ್ಲಿನ ಹುಡುಗರು ಒಂದು ತಿಂಗಳು ನಗುತ್ತಾರೆ. ಅಷ್ಟರಲ್ಲಿ ಅವಳೂ "ಬರ್ತೇನ್ರೀ" ಅನ್ನುತ್ತಾಳೆ. ಅದಕ್ಕೆ ನೀನು ನಡುವೆ ಹೋಗಬೇಡ.

ಮಕ್ಕಳ ಒಸಿಐ ಕಾರ್ಡಿನ, ಅಂದರೆ ವಿದೇಶಿ ಪ್ರಜೆಗಳಾದ ಭಾರತ ಮೂಲದವರಿಗೆ ಕೊಡುವ ಕಾರ್ಡಿನ, ದಿನಾಂಕ ನೋಡು. 2021ರ ಮಾರ್ಚ್ 4ರ ಆದೇಶದ ಪ್ರಕಾರ ವೈದ್ಯಕೀಯ, ಎಂಜಿನಿಯರಿಂಗ್ ಸೀಟಿಗೆ ಒಸಿಐ ಮಕ್ಕಳಿಗೆ ಎನ್‌ಆರ್‌ಐ ಕೋಟಾ ಇಲ್ಲವೇ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟು ಮಾತ್ರ. ಅದಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಈ ಕಟ್ಟು ಇಲ್ಲ ಅಂತ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗಳ ಕಾರ್ಡ್ 2015ರದು, ಮಗನದು 2022ರದು. ಒಂದೇ ಹೊಟ್ಟೆಯ ಮಕ್ಕಳು, ಎರಡು ನಿಯಮ! ಮಗನಿಗೆ ಇನ್ನೂ ಐದು ವರ್ಷ, ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಮುಂದೆ ಗೊತ್ತಾಗಿ ಬೆಚ್ಚಿಬೀಳುವುದೂ ಬೇಡ.

ಗ್ರೀನ್ ಕಾರ್ಡ್ ಬಿಟ್ಟುಬಿಡಲಾ ಅಂತ ಕೇಳಿದೆ. ಯಾಕೆ ಅವಸರ? ಅಲ್ಲಿಂದ ಹೊರಡುವ ಮೊದಲೇ, ಮರಳಿ ಹೋಗೋಕೆ ಅನುಮತಿ ಕೊಡುವ ರೀಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕು, ಎರಡು ವರ್ಷ ಸಿಗುತ್ತದೆ. ಇಲ್ಲಿಗೆ ಬಂದ ಮೇಲೆ ಹಾಕೋಕೆ ಆಗಲ್ಲ. ಕಾರ್ಡ್ ಇರುವವರೆಗೆ ಅಲ್ಲಿನ ತೆರಿಗೆ ರಿಟರ್ನ್ ತಪ್ಪಲ್ಲ, ಇರಲಿ. ಬಂದು ಆಗದೆ ತಿರುಗಿ ಹೋದರೆ ಊರವರು ಏನಂತಾರೆ ಅಂದೆ. ಎರಡು ಸಂತೆ ಮಾತಾಡುತ್ತಾರೆ, ಮೂರನೇ ಸಂತೆಗೆ ಬೇರೆ ಸುದ್ದಿ ಬರುತ್ತದೆ. ಆದರೆ ಗಂಡ ಹೆಂಡತಿ ಜಗಳವಾಡಿದಾಗಲೆಲ್ಲ ಆ ಕಾರ್ಡನ್ನು ಹೊರಗೆ ತೆಗೆಯಬೇಡಿ.

ಮನೆ ಕಟ್ಟುವ ನಕ್ಷೆ ಕಳಿಸಿದ್ದೀ. ಪಡಸಾಲೆ, ತೊಲೆಬಾಗಿಲು, ನಡುವೆ ಅಂಗಳ. ಚೆಂದ ಇದೆ. ನೋಡಿ ಅಳು ಬಂತು, ಹಳೆ ಮನೆಯೇ ಅದು. ಒಂದು ವರ್ಷ ಕಟ್ಟಬೇಡ. ವಿದ್ಯಾಗಿರಿಯಲ್ಲೋ ಇಲ್ಲೋ ಬಾಡಿಗೆಗೆ ಇರಿ. ನಿನ್ನ ಹೆಂಡತಿಗೆ ಯಾವ ಬೀದಿ ಒಗ್ಗುತ್ತದೆ, ನೀರು ಎಲ್ಲಿ ಸರಿಯಾಗಿ ಬರುತ್ತದೆ, ಮಕ್ಕಳ ಗೆಳೆಯರು ಎಲ್ಲಿದ್ದಾರೆ ನೋಡಿಕೊಂಡು ಆಮೇಲೆ ಕಟ್ಟು. ಆ ನಕ್ಷೆಗೆ ನಮ್ಮ ಬಾಗಿಲು ಕೊಡು ಅಂತ ಕೇಳುತ್ತೀ, ನನಗೆ ಗೊತ್ತು. ಕೊಡಲ್ಲ.

ನಿಮ್ಮವ್ವನ ವಿಷಯ ಕೊನೆಗೆ ಇಟ್ಟುಕೊಂಡೆ. ಅವಳಿಗಾಗಿ ಬರುತ್ತೇನೆ ಅನ್ನಬೇಡ, ಅವಳ ಮುಂದಂತೂ ಅನ್ನಲೇಬೇಡ. ಆ ಭಾರ ಅವಳು ಹೊರಲಾರಳು. ಆರು ವರ್ಷ ಒಬ್ಬಳೇ ಇದ್ದು ಅವಳದೂ ಒಂದು ಪದ್ಧತಿಯಾಗಿದೆ. ಬೆಳಿಗ್ಗೆ ಐದಕ್ಕೆ ರೇಡಿಯೊ, ಮಧ್ಯಾಹ್ನ ರೊಟ್ಟಿಗೆ ಬರೀ ಮೊಸರು, ಸಂಜೆ ಏಳಕ್ಕೆ ಧಾರಾವಾಹಿ. ಆಗ ನಾನು ಫೋನ್ ಮಾಡಿದರೂ ಎತ್ತಲ್ಲ. ನೀನು ಬಂದು ಅವಳಿಗೆ ಉಪ್ಪು ಕಡಿಮೆ ಮಾಡು, ವಾಕಿಂಗ್ ಹೋಗು ಅಂತ ಶುರು ಮಾಡಿದರೆ ನನ್ನ ಮನೆಗೆ ಓಡಿ ಬರುತ್ತಾಳೆ. ಅವಳ ಮನೆಯ ಹತ್ತಿರವೇ ಬೇರೆ ಮನೆ ಮಾಡು. ಈ ಮಾತನ್ನು ಅವಳೇ ನನ್ನ ಕಡೆಯಿಂದ ಹೇಳಿಸುತ್ತಿದ್ದಾಳೆ ಅಂದುಕೋ. ಅಂದುಕೊಂಡರೆ ತಪ್ಪಾಗಲ್ಲ.

ಹೋಳಿ ಹೊತ್ತಿಗೆ ಬಂದರೆ ಹಲಗಿ ಬಾರಿಸೋಕೆ ಆಗುತ್ತಿತ್ತು ಅಂತ ನಿನಗೆ ಅನ್ನಿಸುತ್ತದೆ. ಬೇಡ, ಅದೂ ಡಿಸೆಂಬರಿನ ಹಾಗೇ. ಏಪ್ರಿಲ್‌ಗೇ ಬಾ. ಟಿಕೆಟ್ ತೆಗೆದ ದಿನ ತಿಳಿಸು. ಹಿಂದಿನ ಕೋಣೆಯ ಕೂಲರಿನ ಪಂಪ್ ಕೆಟ್ಟಿದೆ, ರಿಪೇರಿಯವನು ಹೇಳಿಕಳಿಸಿದ ಹದಿನೈದು ದಿನಕ್ಕೆ ಬರುತ್ತಾನೆ.

ನಿನ್ನ
ದೊಡ್ಡವ್ವ