ಮಗಳಿಗೊಂದು ಪತ್ರ: ಹಳೇ ಸ್ಪೀಕರ್ ಮನೆಗೆ ತರುವ ಮುಂಚೆ

ಪುಟ್ಟಿ,

ನೀನು ತಗೋಬೇಕು ಅಂದಿರೋ ಹಳೇ ಸ್ಪೀಕರ್ ಜೋಡಿಯ ನಾಲ್ಕು ಫೋಟೊನೂ ನೋಡಿದೆ. ಪೆಟ್ಟಿಗೆಗೆ ಹೊಸದಾಗಿ ಪಾಲಿಶ್ ಹೊಡೆಸಿದ್ದಾರೆ, ಜಾಲರಿ ಬಟ್ಟೆನೂ ಚೊಕ್ಕವಾಗಿದೆ. ಆದರೆ ಜಾಲರಿ ಕಳಚಿ ತೆಗೆದ ಫೋಟೊ ಒಂದೂ ಇಲ್ಲ. ಮೊದಲು ಅದನ್ನ ಕಳಿಸೋಕೆ ಮಾರುವವರಿಗೆ ಹೇಳು. ಕುಂಟುನೆಪ ತೆಗೆದರೆ, ವೈಟ್‌ಫೀಲ್ಡಿನಿಂದ ಮಲ್ಲೇಶ್ವರದವರೆಗಿನ ಟ್ರಾಫಿಕ್ಕು ತಪ್ಪಿತು ಅಂದುಕೊ.

ನೀನು ಹೋದ ತಕ್ಷಣ ಅವರು ಹಾಡು ಹಾಕೋಕೆ ನೋಡ್ತಾರೆ. ಅದು ಆಮೇಲೆ ಅನ್ನು. ಕಿವಿ ಬಲು ಬೇಗ ಒಗ್ಗಿಕೊಳ್ಳುತ್ತೆ. ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸೋ ಪುಟ್ಟ ಸ್ಪೀಕರು, ಅರ್ಧ ಸತ್ತಿದ್ದರೂ ಹತ್ತು ನಿಮಿಷದಲ್ಲಿ 'ಹಳೇ ಕಾಲದ ಮೆದು ನಾದ' ಅಂತ ಅದನ್ನೇ ಮೆಚ್ಚಿಕೊಂಡುಬಿಡುತ್ತೆ. ಮೊದಲು ಕಣ್ಣು, ಬೆರಳು, ಮೀಟರು, ಕಿವಿ ಕಟ್ಟಕಡೆಗೆ. ನಲವತ್ತು ವರ್ಷದ ಹಿಂದೆ ಆ ಸ್ಪೀಕರು ಹೇಗೆ ಕೇಳಿಸುತ್ತಿತ್ತು ಅನ್ನೋದು ನಿನಗೂ ಗೊತ್ತಿಲ್ಲ, ಮಾರುವವರಿಗೂ ನೆನಪಿರಲ್ಲ. ನಿನ್ನ ಮುಂದಿರೋ ಅಳತೆಗೋಲು ಅಂದರೆ ಜೋಡಿಯ ಇನ್ನೊಂದು ಪೆಟ್ಟಿಗೆ, ಅಷ್ಟೇ. ಏನು ಪರೀಕ್ಷೆ ಮಾಡಿದರೂ ಎಡಕ್ಕೊಂದು, ಬಲಕ್ಕೊಂದು ಮಾಡಿ ಬರೆದಿಟ್ಟುಕೊ. ಕೋನಿನ ಅಂಚಿನ ಫೋಮು ಮತ್ತು ಒಳಗಿನ ಸರ್ಕ್ಯೂಟಿನ ಕೆಪ್ಯಾಸಿಟರು ಮಾತ್ರ ಎರಡು ಪೆಟ್ಟಿಗೆಯಲ್ಲೂ ಒಟ್ಟೊಟ್ಟಿಗೇ ಮುದಿಯಾಗುತ್ತವೆ, ಅವನ್ನ ಪ್ರತ್ಯೇಕವಾಗಿ ನೋಡಬೇಕು.

ಜಾಲರಿ ತೆಗೆದ ಮೇಲೆ ಮೊದಲು ನೋಡಬೇಕಾದ್ದು ಕೆಳಗಿನ ನಾದ ನುಡಿಸೋ ದೊಡ್ಡ ಸ್ಪೀಕರಿನ, ಅಂದರೆ ವೂಫರಿನ ಅಂಚು, ಕೋನನ್ನೂ ಚೌಕಟ್ಟನ್ನೂ ಸೇರಿಸೋ ಉಂಗುರ. ಅದು ಫೋಮಿನದೋ ರಬ್ಬರಿನದೋ ಬಟ್ಟೆಯದೋ ಅಂತ ಗುರುತಿಸು. 70–80ರ ದಶಕದ ಎಷ್ಟೋ ಮಾಡೆಲ್ಲುಗಳಲ್ಲಿ ಪಾಲಿಯುರಿಥೇನ್ ಫೋಮ್ ಇರುತ್ತೆ. ಗಾಳಿಯ ತೇವ, ಬಿಸಿಲು ತಾಗಿ ಅದು ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಯಾಗೋಕೆ ಶುರುವಾಗುತ್ತೆ. ಸ್ಪೀಕರು ಹಾಡಲಿ ಬಿಡಲಿ, ಅದರ ಪಾಡಿಗೆ ಅದು ಸಾಯುತ್ತೆ. 'ಬಳಸೇ ಇಲ್ಲ, ಅಟ್ಟದ ಮೇಲಿತ್ತು' ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಬೆರಳ ತುದಿಯಿಂದ ಹಗುರಾಗಿ ಮುಟ್ಟು: ಅಂಟಂಟಾಗಿದ್ದರೆ ಅಥವಾ ಚೂರು ಬೆರಳಿಗೆ ಬಂದರೆ ಅದರ ಕಥೆ ಮುಗಿದಿದೆ. ಬರೀ ಇದೊಂದೇ ದೋಷವಾದರೆ ಹೆದರಬೇಡ, ಹೊಸ ಅಂಚು ಕೂರಿಸಬಹುದು. ಆದರೆ ಅಳತೆಯೂ ಮೆದುತನವೂ ಮೂಲದಂತೆಯೇ ಇರಬೇಕು. ಗಡಸು ಅಂಚು ಹಾಕಿದರೆ ವೂಫರಿನ ಸಹಜ ಕಂಪನಾಂಕ ಮೇಲೇರುತ್ತೆ, ಕೆಳಗಿನ ನಾದ ಸೊರಗುತ್ತೆ. ಈಗಾಗಲೇ ಹೊಸ ಅಂಚು ಹಾಕಿಸಿದ್ದರೆ ಅಂಟು ಅಚ್ಚುಕಟ್ಟಾಗಿದೆಯಾ, ಎರಡೂ ವೂಫರಿಗೆ ಒಂದೇ ಬಗೆಯದು ಹಾಕಿದ್ದಾರಾ ನೋಡು. ರಬ್ಬರ್ ಅಂಚು ಸಾಮಾನ್ಯವಾಗಿ ಬಹಳ ಬಾಳುತ್ತೆ. ಬಟ್ಟೆ ಅಂಚು ಹರಿಯಲ್ಲ, ಆದರೆ ಅದಕ್ಕೆ ಸವರಿದ ಲೇಪ ಒಣಗಿ ಗಾಳಿ ಸೋರುತ್ತೆ.

ಆಮೇಲೆ ಬೆರಳಿನ ಕೆಲಸ. ಎರಡೂ ಕೈಯ ಬೆರಳುಗಳನ್ನ ಕೋನಿನ ಮೇಲೆ ಎದುರುಬದುರು ಇಟ್ಟು, ಒಂದೇ ಸಮ, ನಿಧಾನವಾಗಿ ಅರ್ಧ ಸೆಂಟಿಮೀಟರಿನಷ್ಟು ಒಳಗೆ ಒತ್ತಿ ಬಿಡು. ಓರೆಯಾಗಿ ಒತ್ತಿದರೆ ಚೆನ್ನಾಗಿರೋ ವೂಫರೂ ಉಜ್ಜುತ್ತೆ. ಕಿವಿ ಹತ್ತಿರ ತಾ. ಉಪ್ಪುಕಾಗದ ತಿಕ್ಕಿದಂಥ ಸದ್ದು ಬಂದರೆ ಕೋನನ್ನ ಅಲುಗಿಸೋ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಅಯಸ್ಕಾಂತದ ಸಂದಿಯಲ್ಲಿ ತಾಗುತ್ತಿದೆ. ಕಾರಣ ಮೂರು ನಾಲ್ಕು ಇರಬಹುದು. ಸ್ಪೀಕರು ಬಿದ್ದು ಅಯಸ್ಕಾಂತ ಜರುಗಿರಬಹುದು. ವಾಲ್ಯೂಮ್ ಜಾಸ್ತಿ ಮಾಡಿ ಕಾಯಿಲ್ ಸುಟ್ಟು ಉಬ್ಬಿರಬಹುದು. ಸಂದಿಯೊಳಗೆ ತುಕ್ಕೋ ಕಬ್ಬಿಣದ ಪುಡಿಯೋ ಸೇರಿರಬಹುದು. ಇವು ಮೂರೂ ದುಬಾರಿ. ನಾಲ್ಕನೆಯದು ಅಗ್ಗ: ಭಾರದ ಕೋನು ನಲವತ್ತು ವರ್ಷ ನೇತಾಡಿ, ಹಿಂದಿರೋ ಸುಕ್ಕುಬಟ್ಟೆ, ಅಂದರೆ ಸ್ಪೈಡರ್, ಕೆಳಗೆ ಜೋತಿರುತ್ತೆ. ಅಂಥ ವೂಫರನ್ನ ಬಿಚ್ಚಿ, ಮೇಲಿದ್ದ ಅಂಚು ಕೆಳಗೆ ಬರುವಂತೆ 180 ಡಿಗ್ರಿ ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಉಜ್ಜೋದು ನಿಲ್ಲುತ್ತೆ. ಅವರ ಮನೆಯಲ್ಲಿ ಬಿಚ್ಚೋಕೆ ಬಿಡದಿದ್ದರೆ ಪೆಟ್ಟಿಗೆಯನ್ನೇ ತಲೆಕೆಳಗು ನಿಲ್ಲಿಸಿ ಮತ್ತೆ ಒತ್ತಿ ನೋಡು. ಸದ್ದು ಹೋದರೆ ಜೋತುಬಿದ್ದದ್ದೇ ಕಾರಣ.

ಅದೇ ಒತ್ತುವಿಕೆ ಇನ್ನೊಂದು ಸಂಗತಿಯನ್ನೂ ಹೇಳುತ್ತೆ. ರಂಧ್ರವಿಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಯಾದರೆ ಒಳಗಿನ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಸ್ಪೀಕರು ಈ ದಾರಿ ತೋರಿಸಿದ ಮೇಲೆ ಬಹಳ ಕಂಪನಿಗಳು ಅದನ್ನ ಹಿಡಿದವು. ಅಂಥ ಪೆಟ್ಟಿಗೆಯಲ್ಲಿ ಒತ್ತಿ ಬಿಟ್ಟ ಕೋನು ಮೆಲ್ಲಗೆ, ತೇಲಿದ ಹಾಗೆ ವಾಪಸ್ ಬರಬೇಕು. ಟಪ್ಪಂತ ಎದ್ದು ಬಂದರೆ ಎಲ್ಲೋ ಗಾಳಿ ಸೋರುತ್ತಿದೆ: ಅಂಚು, ಹಿಂದಿನ ತಂತಿ ಸಿಕ್ಕಿಸೋ ತಟ್ಟೆ, ಇಲ್ಲವೇ ವೂಫರಿನ ಕೆಳಗೆ ಗಾಳಿ ತಡೆಯೋ ಪಟ್ಟಿ, ಅಂದರೆ ಗ್ಯಾಸ್ಕೆಟ್. ರಂಧ್ರವಿರೋ ಪೆಟ್ಟಿಗೆಗೆ ಈ ಪರೀಕ್ಷೆ ನಡೆಯಲ್ಲ.

ಪೆಟ್ಟಿಗೆಯ ಬುಡವನ್ನ ಮರೆಯದೆ ನೋಡು. ನಮ್ಮೂರ ಮನೆಗಳಲ್ಲಿ ದಿನಾ ನೆಲ ಒರೆಸೋ ನೀರು ಬುಡಕ್ಕೆ ತಾಗಿ ಪಾರ್ಟಿಕಲ್ ಬೋರ್ಡು ಉಬ್ಬಿರುತ್ತೆ; ಪಾಲಿಶ್ ಹೊಡೆದರೂ ಅಂಚು ದಪ್ಪಗಾಗಿರೋದು ಕೈಗೆ ಸಿಗುತ್ತೆ. ಉಬ್ಬಿದ್ದು ಮತ್ತೆ ಇಳಿಯಲ್ಲ. ಹಿಂದಿನ ಹಲಗೆಯಲ್ಲಿ ಗೆದ್ದಲ ಮಣ್ಣು, ರಂಧ್ರದೊಳಗೆ ಜಿರಳೆ ಹಿಕ್ಕೆ ಇದೆಯಾ ಅಂತ ಮೊಬೈಲ್ ಟಾರ್ಚ್ ಬಿಟ್ಟು ನೋಡು. ಪಕ್ಕದ ಹಲಗೆಗಳನ್ನ ಗೆಣ್ಣಿನಿಂದ ಬಡಿ, ಎರಡು ಪೆಟ್ಟಿಗೆಯೂ ಒಂದೇ ಥರ ಸದ್ದು ಮಾಡಬೇಕು. ಎಲ್ಲಾದರೂ ಬಿಚ್ಚಬೇಕಾಗಿ ಬಂದರೆ ಒಳಗಿನ ಹಳದಿ ಉಣ್ಣೆಯಂಥದ್ದು ಗಾಜಿನ ನಾರು, ಮಾಸ್ಕು ಕೈಗವಸು ಇಲ್ಲದೆ ಮುಟ್ಟಬೇಡ.

ಸ್ಕ್ರೂಗಳ ತಲೆ ಗೀರಿದ್ದರೆ ಯಾರೋ ಮೊದಲೇ ಬಿಚ್ಚಿದ್ದಾರೆ. ಅದೇನೂ ಅಪರಾಧವಲ್ಲ, ಆದರೆ ಯಾಕೆ ಅಂತ ಕೇಳು. ಎರಡೂ ವೂಫರಿನ ಹಿಂದಿನ ನಂಬರು ಒಂದೇ ಆಗಿರಬೇಕು. ಅಮೆರಿಕದ ಹಳೇ ಸ್ಪೀಕರುಗಳ ಮೇಲೆ ತಯಾರಕರ ಸಂಕೇತವೂ ವರ್ಷ ವಾರವೂ ಒಟ್ಟಿಗೆ ಅಚ್ಚಾಗಿರುತ್ತವೆ: 137-7412 ಅಂದರೆ ಸಿಟಿಎಸ್ ಕಂಪನಿ, 1974ರ ಹನ್ನೆರಡನೇ ವಾರ. ಒಂದರಲ್ಲಿ 1974, ಇನ್ನೊಂದರಲ್ಲಿ 1979 ಇದ್ದರೆ ಜೋಡಿ ಹುಟ್ಟಾ ಜೋಡಿಯಲ್ಲ.

ಈಗ ಮಲ್ಟಿಮೀಟರು. ಆಂಪ್ಲಿಫೈಯರಿನ ತಂತಿ ಕಿತ್ತು, ಮೀಟರನ್ನ 200 ಓಮ್ ಸ್ಥಾನಕ್ಕೆ ತಿರುಗಿಸು. ಮೊದಲು ಎರಡು ಕಡ್ಡಿಗಳನ್ನ ಒಂದಕ್ಕೊಂದು ತಾಗಿಸಿ ಬರೋ 0.3, 0.4 ಓಮನ್ನ ಬರೆದುಕೊಂಡು ಆಮೇಲೆ ಕಳೆ. 8 ಓಮ್ ಅಂತ ಬರೆದಿರೋ ಸ್ಪೀಕರು ಹಿಂದಿನ ತಿರುಪುಗಳಲ್ಲಿ 5.5ರಿಂದ 7ರ ಒಳಗೆ ತೋರಿಸೋದು ಸಹಜ, 4 ಓಮಿನದು 3ರ ಆಸುಪಾಸು. ಎಡ 5.8, ಬಲ 6.0 ಇದ್ದರೆ ಸರಿ. ಎಡ 5.8, ಬಲ 7.1 ಬಂದರೆ ಒಂದರ ಕಾಯಿಲನ್ನ ಮತ್ತೆ ಸುತ್ತಿಸಿದ್ದಾರೆ, ಇಲ್ಲವೇ ಬೇರೆ ವೂಫರು ಹಾಕಿದ್ದಾರೆ. 'ಬಿಸಿಲಿಗೆ ಹಾಗಾಗಿದೆ' ಅಂದರೆ ನಂಬಬೇಡ. ತಾಮ್ರದ ರೋಧ ಹತ್ತು ಡಿಗ್ರಿ ಬಿಸಿಗೆ ಸುಮಾರು ಶೇ. 4 ಮಾತ್ರ ಏರುತ್ತೆ.

ಬಹಳ ಜನ ಎಡವೋದು ಇಲ್ಲೇ: ಈ ಅಂಕಿ ಟ್ವೀಟರಿನ ಬಗ್ಗೆ ಏನೂ ಹೇಳಲ್ಲ. ಟ್ವೀಟರಿನ ದಾರಿಯಲ್ಲಿ ಕೆಪ್ಯಾಸಿಟರ್ ಕೂತಿರುತ್ತೆ, ಮೀಟರಿನ ಕರೆಂಟನ್ನ ಅದು ಒಳಗೆ ಬಿಡಲ್ಲ. ಟ್ವೀಟರು ಸುಟ್ಟು ಬೂದಿಯಾಗಿದ್ದರೂ ಹಿಂದಿನ ತಿರುಪುಗಳಲ್ಲಿ ಅದೇ 5.8 ಬರುತ್ತೆ. ಹಾಗಾಗಿ ಮೆಲ್ಲಗೆ ಹಾಡು ಹಾಕಿಸಿ, ದಿನಪತ್ರಿಕೆಯ ಒಂದು ಹಾಳೆಯನ್ನ ಕೊಳವೆ ಮಾಡಿ ಒಂದು ತುದಿ ಟ್ವೀಟರಿಗೆ, ಇನ್ನೊಂದು ಕಿವಿಗೆ ಇಟ್ಟುಕೊ. ಎರಡೂ ಪೆಟ್ಟಿಗೆಯಲ್ಲಿ ಒಂದೇ ಪ್ರಮಾಣದ ಸದ್ದು ಇರಬೇಕು. ಒಂದರದ್ದು ಮಂಕಾಗಿದ್ದರೆ ಮೂರು ಕಡೆ ಅನುಮಾನ ಪಡು. ಟ್ವೀಟರ್ ಮಟ್ಟದ ತಿರುಗಣೆ ಇದ್ದರೆ ಅದನ್ನ ಆ ಕೊನೆಯಿಂದ ಈ ಕೊನೆಗೆ ಇಪ್ಪತ್ತು ಸಲ ತಿರುಗಿಸು, ಕಿಲುಬು ಬಿಟ್ಟು ಸದ್ದು ಬರಬಹುದು. ಎಆರ್-3ಎ ಮಾಡೆಲ್ಲಿನಲ್ಲಿ ಈ ತಿರುಗಣೆಗಳು ಕೆಡೋದು ಪ್ರಸಿದ್ಧ. ಎರಡನೆಯದು ಕೆಪ್ಯಾಸಿಟರು. ಮೂರನೆಯದು, ಕೆಲವು ಟ್ವೀಟರುಗಳ ಸಂದಿಯಲ್ಲಿ ಹಾಕಿದ ಅಯಸ್ಕಾಂತೀಯ ಎಣ್ಣೆ ಒಣಗಿ ಗೋಂದಾಗಿರುತ್ತೆ. ಇದನ್ನ ಬಿಚ್ಚಿ ಶುಚಿ ಮಾಡಿ ಹೊಸ ಎಣ್ಣೆ ಹಾಕಬಹುದು, ಆದರೆ ಕೈ ಪಳಗಿದವರಿಂದಲೇ ಮಾಡಿಸು.

ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲೊಂದನ್ನ ಜೇಬಿನಲ್ಲಿಟ್ಟುಕೊ. ಹಿಂದಿನ ತಿರುಪುಗಳಲ್ಲಿ ಪ್ಲಸ್ಸನ್ನ ಕೆಂಪಿಗೆ, ಮೈನಸ್ಸನ್ನ ಕಪ್ಪಿಗೆ ಅರೆಕ್ಷಣ ತಾಗಿಸಿದರೆ ವೂಫರು ಮುಂದೆ ಬರಬೇಕು. ಜೆಬಿಎಲ್ ಕಂಪನಿಯ ಹಳೇ ಸ್ಪೀಕರುಗಳಲ್ಲಿ ಮಾತ್ರ ಒಳಗೆ ಹೋಗುತ್ತೆ, ಅವರ ಸಂಪ್ರದಾಯವೇ ಉಲ್ಟಾ. ಮುಖ್ಯವಾದ್ದು ಎರಡೂ ಒಂದೇ ದಿಕ್ಕಿಗೆ ಹೋಗೋದು. ಸೆಲ್ಲನ್ನ ನೇರವಾಗಿ ಟ್ವೀಟರಿಗೆ ಮುಟ್ಟಿಸಲೇಬೇಡ.

ಮನೆಗೆ ತಂದ ಮೇಲೆ ನಿನ್ನ ಆಂಪ್ಲಿಫೈಯರಿಗೆ ಜೋಡಿಸೋ ಮುಂಚೆ ಅದರ ಆರೋಗ್ಯವನ್ನೂ ನೋಡು. ಹಾಡಿಲ್ಲದೆ ಹತ್ತು ನಿಮಿಷ ಬಿಸಿಯಾಗೋಕೆ ಬಿಟ್ಟು, ಸ್ಪೀಕರ್ ತಿರುಪುಗಳಲ್ಲಿ ಡಿಸಿ ವೋಲ್ಟೇಜ್ ಅಳೆ. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 100 ದಾಟಿದರೆ ರಿಪೇರಿ ಆಗೋವರೆಗೂ ಜೋಡಿಸಬೇಡ.

ಕೆಪ್ಯಾಸಿಟರಿನ ವಿಷಯ. ಕೆಳಗಿನ ನಾದವನ್ನ ವೂಫರಿಗೆ, ಮೇಲಿನದನ್ನ ಟ್ವೀಟರಿಗೆ ಹಂಚೋ ಸರ್ಕ್ಯೂಟು ಕ್ರಾಸ್‌ಓವರ್; ಹಳೆಯವುಗಳಲ್ಲಿ ಇರೋದು ಬಹುಪಾಲು ಪ್ಲಸ್ ಮೈನಸ್ ಇಲ್ಲದ ಎಲೆಕ್ಟ್ರೋಲಿಟಿಕ್. ಅಳೆಯೋಕೆ ಒಂದು ಕಾಲನ್ನಾದರೂ ಬೆಸುಗೆ ಬಿಡಿಸಬೇಕು, ಇಲ್ಲದಿದ್ದರೆ ಸುತ್ತಲಿನ ಕಾಯಿಲ್‌ಗಳೂ ಲೆಕ್ಕಕ್ಕೆ ಸೇರುತ್ತವೆ. 4.7 ಮೈಕ್ರೊಫ್ಯಾರಡ್ ಇರಬೇಕಾದ್ದು 6 ತೋರಿಸಿದರೆ 'ಇನ್ನೂ ಜಾಸ್ತಿ ಇದೆಯಲ್ಲ' ಅಂತ ಖುಷಿಪಡಬೇಡ, ಮುದಿಯಾದದ್ದು ಹೀಗೂ ತೋರಿಸುತ್ತೆ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾನ್‌ಪೋಲಾರ್ ಅಂತಲೇ ಕೇಳು, 100 ವೋಲ್ಟಿನದು ತಗೊ, ಎರಡೂ ಪೆಟ್ಟಿಗೆಗೆ ಒಟ್ಟಿಗೇ ಹಾಕಿಸು. 'ಸಾಮಾನ್ಯದ್ದೇ ನಡೆಯುತ್ತೆ ಮೇಡಂ' ಅಂತ ಪ್ಲಸ್ ಮೈನಸ್ ಇರೋದನ್ನ ಕೊಟ್ಟರೆ ವಾಪಸ್ ಕೊಡು. ಪಾಲಿಪ್ರೊಪಿಲಿನ್ ಫಿಲ್ಮಿನದು ಹೆಚ್ಚು ಬಾಳುತ್ತೆ, ಆದರೆ ಅದರ ಒಳರೋಧ ಕಡಿಮೆ, ಟ್ವೀಟರು ಮೊದಲಿಗಿಂತ ಕೊಂಚ ಚುರುಕಾಗಿ ಕೇಳುತ್ತೆ. ಬೇಡ ಅನ್ನಿಸಿದರೆ ಸಾಲಿನಲ್ಲಿ ಅರ್ಧ ಓಮಿನಿಂದ ಒಂದು ಓಮಿನ ರೆಸಿಸ್ಟರ್ ಸೇರಿಸು.

ಈಗ ಕೇಳು. ಎರಡು ಪೆಟ್ಟಿಗೆಯನ್ನೂ ಪಕ್ಕಪಕ್ಕ ಇಟ್ಟು, ಆಂಪ್ಲಿಫೈಯರನ್ನ ಮೋನೊಗೆ ಹಾಕಿ, ಮೊಬೈಲಿನಿಂದ ಪಿಂಕ್ ನಾಯ್ಸ್, ಅಂದರೆ ಮಳೆಯಂಥ ಒಂದೇ ಸಮನೆ ಸದ್ದು, ಬಿಡು. ಬ್ಯಾಲೆನ್ಸ್ ತಿರುಗಣೆಯನ್ನ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸುತ್ತಾ ಹೋದರೆ ಸದ್ದಿನ ಬಣ್ಣ ಬದಲಾಗಬಾರದು. ಮಳೆ ಸದ್ದು ಒಂದರಲ್ಲಿ ತಗಡಿನ ಮೇಲೆ, ಇನ್ನೊಂದರಲ್ಲಿ ಹೆಂಚಿನ ಮೇಲೆ ಬಿದ್ದಂತಿದ್ದರೆ ಏನೋ ತಪ್ಪಿದೆ. ಇಷ್ಟು ಒರಟು ಪರೀಕ್ಷೆಗೆ ಸಿಕ್ಕಿಬೀಳೋ ದೋಷ ಸಂಗೀತದಲ್ಲಿ ಗಂಟೆಗಟ್ಟಲೆ ಅಡಗಿರುತ್ತೆ. ಆಮೇಲೆ 200 ಹರ್ಟ್ಜಿನಿಂದ 30ಕ್ಕೆ ಮೆಲ್ಲಗೆ ಇಳಿಯೋ ಶುದ್ಧ ಸ್ವರ, ಸಣ್ಣ ವಾಲ್ಯೂಮಿನಲ್ಲಿ. ಝರ್ ಅಂದಲ್ಲಿ ನಿಲ್ಲಿಸಿ ಲಾಂಛನದ ತಗಡು, ಸ್ಕ್ರೂ, ಕೋನಿನ ನಡುವಿನ ಟೋಪಿ ಒಂದೊಂದನ್ನೇ ಬೆರಳಿಂದ ಒತ್ತು, ಎಲ್ಲಿ ನಿಂತಿತೋ ಅಲ್ಲಿದೆ ಕಳ್ಳ. ಮೇಲಿನ ಸ್ವರಗಳನ್ನ ಹೀಗೆ ಜೋರಾಗಿ ಬಿಡಬೇಡ, ಟ್ವೀಟರು ಸುಡುತ್ತೆ.

ಸಂಗೀತಕ್ಕಿಂತ ಮೊದಲು ಆಕಾಶವಾಣಿಯ ವಾರ್ತೆ ಹಾಕು. ಗಂಡು ದನಿ ಕೊಡದೊಳಗಿಂದ ಬಂದಂತಿದ್ದರೆ ಪೆಟ್ಟಿಗೆಯೇ ಗುಂಯ್‌ಗುಡುತ್ತಿದೆ, ಇಲ್ಲವೇ ಗೋಡೆಗೆ ತೀರಾ ಹತ್ತಿರವಿದೆ. ಆಮೇಲೆ ತಂಬೂರಿ: ಝೇಂಕಾರ ಮುಗಿಯೋವರೆಗೂ ಬಿಡಿಬಿಡಿಯಾಗಿ ಕೇಳುತ್ತಿದ್ದರೆ ಟ್ವೀಟರು ಸರಿಯಿದೆ. ಮೃದಂಗದ ಎಡಗಡೆ ಪೆಟ್ಟು ಬಿದ್ದು ನಿಲ್ಲಬೇಕು, ಎಳೆದುಕೊಂಡು ಹೋಗಬಾರದು.

ಆದರೆ ನಿನ್ನ ರೂಮನ್ನೂ ಬೈದುಕೊ. ಹತ್ತಡಿ ಹನ್ನೆರಡಡಿ ಕೋಣೆ, ವಿಟ್ರಿಫೈಡ್ ಟೈಲ್ಸು, ಬರಿಗೋಡೆ. ಹನ್ನೆರಡು ಅಡಿಗೆ ಸುಮಾರು 47 ಹರ್ಟ್ಜಿನಲ್ಲಿ, ಹತ್ತು ಅಡಿಗೆ 56ರ ಹತ್ತಿರ ಕೋಣೆ ತಾನೇ ಗುಂಯ್ ಅನ್ನುತ್ತೆ. ಅದನ್ನ ಸ್ಪೀಕರಿನ ತಲೆಗೆ ಕಟ್ಟಬೇಡ. ಹಿಂಗೋಡೆಯಿಂದ ಒಂದೂವರೆ ಎರಡು ಅಡಿ ಬಿಡು, ಮೂಲೆಗೆ ತಳ್ಳಬೇಡ, ಟ್ವೀಟರು ಕೂತಾಗ ಕಿವಿಯ ಎತ್ತರಕ್ಕಿರಲಿ, ನಡುವೆ ಜಮಖಾನ ಹಾಸು. ನಿನ್ನ ಹೊಸ ಸ್ಪೀಕರಿನ ಜೊತೆ ಹೋಲಿಸೋದಾದರೆ ಎರಡರ ಸದ್ದನ್ನೂ ಮೊಬೈಲ್ ಮೀಟರಿನಲ್ಲಿ ಅರ್ಧ ಡೆಸಿಬೆಲಿನೊಳಗೆ ಸಮ ಮಾಡಿಕೊ. ತುಸು ಜೋರಾಗಿರೋದೇ ಯಾವಾಗಲೂ ಗೆಲ್ಲುತ್ತೆ.

ಬೆಲೆ ಮಾತಾಡುವಾಗ ಇದಿಷ್ಟು ನೆನಪಿಟ್ಟುಕೊ: ಫೋಮು, ಕೆಪ್ಯಾಸಿಟರು, ಕಿಲುಬಿದ ತಿರುಗಣೆ ಇವಕ್ಕೆ ದುಡ್ಡು ಇಳಿಸಿ ತಗೊ. ಒಂದು ಕಡೆ ಮೂಲ ಟ್ವೀಟರು ಇಲ್ಲದಿದ್ದರೆ, ತಲೆಕೆಳಗು ಮಾಡಿದರೂ ವೂಫರು ಉಜ್ಜುತ್ತಿದ್ದರೆ, ಬುಡ ಉಬ್ಬಿದ್ದರೆ ಕಾಫಿ ಕುಡಿದು ವಾಪಸ್ ಬಾ. ಪಕ್ಕದಲ್ಲಿ ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಇಟ್ಟಿದ್ದಾರೆ ಅಂದೆಯಲ್ಲ, ಅದರ ಹಿಂಬದಿ ಬಿಚ್ಚೋಕೆ ಹೋಗಬೇಡ, ಒಳಗೆ ಸಾವಿರಾರು ವೋಲ್ಟ್ ಇರುತ್ತೆ.

ತರೋದಾದರೆ ಕೋನಿಗೆ ರಟ್ಟು ಅಡ್ಡ ಕಟ್ಟಿ, ನಿಲ್ಲಿಸಿಯೇ ತಾ. ಶನಿವಾರ ಬಂದು ಮಲ್ಟಿಮೀಟರ್ ತಗೊಂಡು ಹೋಗು, ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ. ಅದರ 9 ವೋಲ್ಟ್ ಬ್ಯಾಟರಿ ಇಳಿದಿದೆ, ಇಳಿದ ಬ್ಯಾಟರಿಯಲ್ಲಿ ಅಂಕಿ ತಪ್ಪು ತೋರಿಸುತ್ತೆ, ಬರುವಾಗ ಹೊಸದೊಂದು ಹಿಡಿದುಕೊಂಡು ಬಾ.

ಅಮ್ಮ