ಕಪ್ ಹಿಡಿದ ಫೋಟೊ ಬಂತು, ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಸ್ಥಳೀಯ ಗಾಲ್ಫ್ ಟೂರ್ನಿ ಮುಗಿದ ಮರುದಿನ ಕ್ರೀಡಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ಗೆದ್ದವರು ಕಪ್ ಹಿಡಿದು ನಗುತ್ತಿರುತ್ತಾರೆ. ಕೆಳಗೆ ‘ಸಹಾಯಾರ್ಥ ಟೂರ್ನಿ ಯಶಸ್ವಿ’ ಎಂಬ ಸಾಲು. ಸಹಾಯಕ್ಕೆ ಎಷ್ಟು ಹೋಯಿತು ಅನ್ನೋದು ಮಾತ್ರ ಎಲ್ಲೂ ಇರುವುದಿಲ್ಲ. ನಮ್ಮ ಮೊದಲ ಟೂರ್ನಿಯ ಫೋಟೊ ಕೂಡ ಹೀಗೇ ಬಂದಿತ್ತು. ಅದರ ಖಜಾಂಚಿ ನಾನು. ಆ ಸಾಲು ಓದಿ ನನಗೆ ನಾಚಿಕೆಯಾಯಿತು.

ನಾನು ಗಾಲ್ಫ್ ಆಡುವವನಲ್ಲ. 31 ವರ್ಷ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನು. ನಿವೃತ್ತನಾದ ಮೇಲೆ ಗೆಳೆಯರು ‘ನಿಮಗೆ ಲೆಕ್ಕ ಬರುತ್ತೆ, ಬನ್ನಿ’ ಎಂದು ಸಮಿತಿಗೆ ಎಳೆದುಕೊಂಡರು. ಮಕ್ಕಳ ವಾಚನಾಲಯಕ್ಕೆ ಪುಸ್ತಕ ಕೊಳ್ಳಲು ಹಣ ಕೂಡಿಸುವುದು ಉದ್ದೇಶ. ಒಪ್ಪಿಕೊಂಡೆ.

ನಿಜವಾದ ಮೊತ್ತ ಬರೆದರೆ ಚರ್ಚೆ ಬೇರೆ ಕಡೆ ಹೋಗುತ್ತದೆ. ಅದಕ್ಕೆ ಒಬ್ಬ ಆಟಗಾರನ ಪ್ರವೇಶ ಶುಲ್ಕ 100 ಎಂದು ಇಟ್ಟುಕೊಳ್ಳೋಣ. ಅದರಲ್ಲಿ 70 ಆ ಆಟಗಾರನಿಗೇ ಖರ್ಚಾಗುತ್ತದೆ: ಗ್ರೀನ್ ಫೀ (ಮೈದಾನದ ಬಾಡಿಗೆ), ಕ್ಯಾಡಿ (ಆಟದ ಚೀಲ ಹೊರುವವರು), ಊಟ, ಕೈಗೆ ಕೊಡುವ ಚೀಲ. ಉಳಿಯುವುದು 30. ವೇದಿಕೆ, ಮೈಕು, ಬ್ಯಾನರ್, ಕಪ್‌ಗಳು, ಮುದ್ರಣ, ವಿಮೆ ಇವೆಲ್ಲ ಹತ್ತು ಜನ ಬಂದರೂ ನೂರು ಜನ ಬಂದರೂ ಅಷ್ಟೇ. ಇದೇ ಅಳತೆಯಲ್ಲಿ ನಮ್ಮದು 3,600 ಆಗಿತ್ತು. 3,600 ಅನ್ನು 30ರಿಂದ ಭಾಗಿಸಿ. 120 ಜನ ಬಂದರೆ ಕೈಗೂ ಬಾಯಿಗೂ ಸರಿ. ಒಬ್ಬ ಕಡಿಮೆಯಾದರೂ ನಷ್ಟ.

ಈ ಭಾಗಾಕಾರ ಮಾಡಿದ್ದು ಯಾವಾಗ ಗೊತ್ತಾ? ಟೂರ್ನಿ ಮುಗಿದ ಮೇಲೆ. ಕ್ಯಾಷಿಯರ್ ಬುದ್ಧಿ, ಬಂದ ಹಣ ಎಣಿಸುವುದು ರೂಢಿ, ಬರಬೇಕಾದ ಹಣ ಎಣಿಸಿ ಗೊತ್ತಿರಲಿಲ್ಲ.

ಬಂದವರು 92 ಜನ. ಅಲ್ಲಿಗೇ 840 ಕಡಿಮೆ ಬಿತ್ತು. ಇನ್ನೊಂದು ಏಟು ಕರಾರಿನಲ್ಲಿ ಅಡಗಿತ್ತು. ಗಾಲ್ಫ್ ಮೈದಾನದವರು ಕನಿಷ್ಠ ಎಷ್ಟು ಜನ ಎಂದು ಮೊದಲೇ ಬರೆಸಿಕೊಳ್ಳುತ್ತಾರೆ. ಅಧ್ಯಕ್ಷರು ಉತ್ಸಾಹದಿಂದ 120 ಎಂದಿದ್ದರು, ನಾನು ಪಕ್ಕದಲ್ಲೇ ಕೂತು ತಲೆಯಾಡಿಸಿದ್ದೆ. ಬಾರದ 28 ಜನರ ಆಟಕ್ಕೂ ಊಟಕ್ಕೂ ತಲೆಗೆ 50ರಂತೆ 1,400 ಕಟ್ಟಿದೆವು. ಅವರ ತಪ್ಪೇನಿಲ್ಲ, ಸಹಿ ನಮ್ಮದೇ. ಒಟ್ಟು ತೂತು 2,240. ಪ್ರಾಯೋಜಕರು ಫೋನಿನಲ್ಲಿ ಒಪ್ಪಿದ್ದು 5,000, ಕೊಟ್ಟಿದ್ದು 2,900. ತೂತು ಮುಚ್ಚಿದ ಮೇಲೆ ಪುಸ್ತಕಕ್ಕೆ ಉಳಿದಿದ್ದು 660. ಏಳು ಆಟಗಾರರು ಆವತ್ತು ಮನೆಯಲ್ಲೇ ಮಲಗಿ, ತಮ್ಮ ಶುಲ್ಕವನ್ನು ನೇರ ವಾಚನಾಲಯಕ್ಕೆ ಕಳಿಸಿದ್ದರೆ ಇದಕ್ಕಿಂತ ಜಾಸ್ತಿ ಆಗುತ್ತಿತ್ತು!

120 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಆಮೇಲೆ ಕೇಳಿದೆ. ‘ದೊಡ್ಡದಾಗಿ ಕಾಣಬೇಕಲ್ವಾ’ ಅಂದರು. ಆದರೆ ಜನ ಹೆಚ್ಚಾದರೆ ಆಟವೂ ಕೆಡುತ್ತದೆ. ಇಂಥ ಟೂರ್ನಿಗಳಲ್ಲಿ ಶಾಟ್‌ಗನ್ ಸ್ಟಾರ್ಟ್ ಇಡುತ್ತಾರೆ. ನಾಲ್ಕು ನಾಲ್ಕು ಜನರ ತಂಡಗಳು ಮೈದಾನದ 18 ಹೋಲ್‌ಗಳಲ್ಲಿ (ಒಂದೊಂದು ಗುಳಿಗೂ ಒಂದೊಂದು ಹಾದಿ) ನಿಂತು ಒಂದೇ ಹೊತ್ತಿಗೆ ಆಟ ಶುರು ಮಾಡುತ್ತವೆ. ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಸಿ ಊಟಕ್ಕೆ, ಬಹುಮಾನಕ್ಕೆ ಸೇರುತ್ತಾರೆ. ಅದೇ 18 ತಂಡಗಳನ್ನು ಮೊದಲ ಹೋಲ್‌ನಿಂದ ಹತ್ತು ನಿಮಿಷಕ್ಕೊಂದರಂತೆ ಬಿಟ್ಟರೆ, ಕೊನೆಯ ತಂಡ ಶುರು ಮಾಡುವ ಹೊತ್ತಿಗೆ 170 ನಿಮಿಷ ಕಳೆದಿರುತ್ತದೆ. ಹೋಲ್‌ಗೆ ಒಂದು ತಂಡ ಅಂದರೆ 72 ಜನ. ಅದಕ್ಕಿಂತ ಜಾಸ್ತಿ ಆದರೆ ಕೆಲವು ಹೋಲ್‌ಗಳಲ್ಲಿ ಎರಡು ತಂಡ ನಿಲ್ಲಿಸಬೇಕು. ಪಾರ್-4, ಪಾರ್-5, ಅಂದರೆ ನಾಲ್ಕು, ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ಗಳು, ಉದ್ದ ಇರುವುದರಿಂದ ಮುಂದಿನ ತಂಡ ಸ್ವಲ್ಪ ಸಾಗಿದ ಮೇಲೆ ಹಿಂದಿನವರು ಹೊಡೆಯಬಹುದು. ಪಾರ್-3 ಚಿಕ್ಕದು. ಮುಂದಿನವರು ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಬಿಟ್ಟು ಹೊರಡುವವರೆಗೂ ಹಿಂದಿನವರು ಕಾಯಬೇಕು. ನಮ್ಮ 23 ತಂಡಗಳಲ್ಲಿ ಹೆಚ್ಚಾದ ಐದನ್ನು ನಿಲ್ಲಿಸುವಾಗ ನಾವು ನಾಲ್ಕು ಪಾರ್-3ಗಳನ್ನೂ ಬಿಡಲಿಲ್ಲ. ಹತ್ತಿರ ಇದೆ, ನಡೆಯುವುದು ಕಡಿಮೆ ಅಂತ! ಆರು ಗಂಟೆ ಹಿಡಿಯಿತು. ಅಡುಗೆಯವರು ಊಟ ಎರಡು ಸಲ ಬಿಸಿ ಮಾಡಿದರು. ಮುಂದಿನ ವರ್ಷ ಕರೆದಾಗ ಕೆಲವರು ಮೊದಲು ಕೇಳಿದ್ದೇ ‘ಎಷ್ಟು ತಂಡ?’ ಎಂದು.

ಬಹುಮಾನದ ಕಾರಿನ ಕಥೆಯನ್ನು ಹೇಳಲೇಬೇಕು. ಒಂದು ಪಾರ್-3ರಲ್ಲಿ ಮೊದಲ ಹೊಡೆತಕ್ಕೇ ಚೆಂಡು ಗುಳಿ ಸೇರಿದರೆ ಕಾರು. ಕಾರು ಕೊಡುವುದು ವಿಮೆ ಕಂಪನಿ, ನಾವು ಕಟ್ಟುವುದು ಪ್ರೀಮಿಯಂ ಮಾತ್ರ. ಹವ್ಯಾಸಿ ಆಟಗಾರನೊಬ್ಬ ಹೀಗೆ ಒಂದೇ ಹೊಡೆತದ ಹೋಲ್-ಇನ್-ಒನ್ ಹೊಡೆಯುವ ಸಾಧ್ಯತೆ 12,500ಕ್ಕೆ ಒಂದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. 120 ಜನರ ಟೂರ್ನಿ ನೂರು ಸಲ ಮಾಡಿದರೆ ಸರಾಸರಿ ಒಮ್ಮೆ ಕಾರು ಹೋಗುತ್ತದೆ. ಅದಕ್ಕೇ ಪ್ರೀಮಿಯಂ ಹೊರೆ ಅನಿಸುವುದಿಲ್ಲ. ಆದರೆ ಷರತ್ತು ಇವೆ. ಎಷ್ಟು ಜನ ಆಡುತ್ತಾರೆ, ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗ) ಗುಳಿಗೆ ಎಷ್ಟು ದೂರ, ಸಾಕ್ಷಿ ಯಾರು, ಎಲ್ಲ ಬರೆದುಕೊಡಬೇಕು. ನಮ್ಮ ಪಾಲಿಸಿಯಲ್ಲಿ ಕನಿಷ್ಠ 165 ಗಜ ಎಂದಿತ್ತು. ಆ ದಿನ ಬೆಳಿಗ್ಗೆ ಹುಲ್ಲು ಕತ್ತರಿಸುವವರು ಟೀ ಗುರುತನ್ನು ಮುಂದಕ್ಕೆ ಸರಿಸಿದ್ದರು. ಮಧ್ಯಾಹ್ನ ಯಾರೋ ಅಳೆದಾಗ 148 ಗಜ. ಅಷ್ಟರಲ್ಲಿ ಅರ್ಧ ಜನ ಹೊಡೆದು ಹೋಗಿದ್ದರು. ಅವರಲ್ಲಿ ಒಬ್ಬರ ಚೆಂಡು ಒಳಗೆ ಹೋಗಿದ್ದರೆ ಕಂಪನಿ ಕೈ ತೊಳೆದುಕೊಳ್ಳುತ್ತಿತ್ತು, ಕಾರು ನಮ್ಮ ತಲೆಗೆ ಬರುತ್ತಿತ್ತು. ಒಂದು ಚೆಂಡು ಗುಳಿಯ ಅಂಚಿನಲ್ಲಿ ನಿಂತಾಗ ಎಲ್ಲರೂ ‘ಅಯ್ಯೋ’ ಎಂದರು. ನಾನೊಬ್ಬ ದೇವರಿಗೆ ಕೈ ಮುಗಿದೆ.

ಗೆದ್ದವರಿಗೆ ಲಕೋಟೆಯಲ್ಲಿ ನಗದು ಕೊಡೋಣ ಎಂಬ ಸಲಹೆಯೂ ಬಂದಿತ್ತು. ಹಿರಿಯ ಆಟಗಾರರೊಬ್ಬರು ತಡೆದರು. 2022ರ ಜನವರಿಯಿಂದ ಜಾರಿಯಲ್ಲಿರುವ ಹವ್ಯಾಸಿ ನಿಯಮದ ಪ್ರಕಾರ ಬಹುಮಾನಕ್ಕೆ 700 ಪೌಂಡ್ ಅಥವಾ 1,000 ಡಾಲರ್ ಮಿತಿ ಇದೆ. ಹ್ಯಾಂಡಿಕ್ಯಾಪ್ ಲೆಕ್ಕದ (ಆಟಗಾರನ ಮಟ್ಟ ನೋಡಿ ಹೊಡೆತ ಕಳೆಯುವ) ಸ್ಪರ್ಧೆಯಲ್ಲಿ ನಗದು ತೆಗೆದುಕೊಳ್ಳುವಂತೆಯೇ ಇಲ್ಲ. ತೆಗೆದುಕೊಂಡವರ ಹವ್ಯಾಸಿ ಸ್ಥಾನಕ್ಕೇ ಕುತ್ತು. ಹೋಲ್-ಇನ್-ಒನ್ ಬಹುಮಾನಕ್ಕೆ ಈ ಮಿತಿ ಇಲ್ಲ, ಹಾಗಾಗಿ ಕಾರು ನಡೆಯುತ್ತದೆ.

ಎರಡನೇ ವರ್ಷ ನಾನು ಹಟ ಹಿಡಿದೆ. ಪ್ರಾಯೋಜಕರ ಹಣವನ್ನು ಬಜೆಟ್‌ನಲ್ಲಿ ಸೊನ್ನೆ ಎಂದು ಬರೆದೆ. ಸಮಿತಿಯಲ್ಲಿ ಗದ್ದಲ. ‘ಇಷ್ಟು ವರ್ಷದ ಪರಿಚಯದವರು, ಮಾತಿಗೆ ಬೆಲೆ ಇಲ್ವಾ?’ ಎಂದರು. ಬ್ಯಾಂಕಿನಲ್ಲಿ ಮಾತನ್ನು ಜಮಾ ಮಾಡಿಕೊಳ್ಳಲು ಚಲನ್ ಇಲ್ಲ ಎಂದೆ. ಪ್ರಾಯೋಜಕರ ಪಟ್ಟಿಗೆ ಮೂರು ಅಂಕಣ ಹಾಕಿದೆ: ಹೇಳಿದ್ದು, ಬರೆದುಕೊಟ್ಟಿದ್ದು, ಖಾತೆಗೆ ಬಂದಿದ್ದು. ಮೂರನೆಯದು ತುಂಬಿದವರ ಹೆಸರಿನ ಬೋರ್ಡ್ ಮಾತ್ರ ಹೋಲ್ ಪಕ್ಕ ನಿಂತಿತು. ವೇದಿಕೆ ಬಿಟ್ಟೆವು, ಮೆಟ್ಟಿಲ ಮೇಲೇ ಬಹುಮಾನ ಕೊಟ್ಟೆವು. ನೆನಪಿನ ಸಂಚಿಕೆ ಬಿಟ್ಟೆವು, ಯಾರೂ ಕೇಳಲಿಲ್ಲ. ಸ್ಥಿರ ಖರ್ಚು 2,160ಕ್ಕೆ ಇಳಿಯಿತು. ಅಂದರೆ 72 ಜನ ಬಂದರೆ ಸಾಕು. ಕರಾರಿನಲ್ಲೂ 72 ಎಂದೇ ಬರೆಸಿದೆವು, ಜಾಸ್ತಿಯಾದರೆ ಒಂದು ವಾರ ಮೊದಲು ತಿಳಿಸುತ್ತೇವೆ ಎಂದು ಸೇರಿಸಿ. ಮಳೆ, ಗುಡುಗು ಬಂದರೆ ಇನ್ನೊಂದು ದಿನ ಕೊಡಬೇಕು ಎಂಬ ಸಾಲನ್ನೂ ಬರೆಸಿದೆವು. 76 ಜನ ಬಂದರು. ಹೆಚ್ಚಿನ ಒಂದು ತಂಡವನ್ನು ಪಾರ್-5ರಲ್ಲಿ ನಿಲ್ಲಿಸಿದೆವು. ಶುಲ್ಕದಲ್ಲೇ 120 ಉಳಿಯಿತು. ಪ್ರಾಯೋಜಕರಿಂದ ಮೊದಲೇ ಬಂದಿದ್ದ 2,400 ಮುಟ್ಟದೆ ಹಾಗೇ ಇತ್ತು. ಪುಸ್ತಕಕ್ಕೆ 2,520. ಆಟಗಾರರು ಕಡಿಮೆ, ಹಣ ಸುಮಾರು ನಾಲ್ಕು ಪಟ್ಟು.

ಪತ್ರಿಕೆಯವರಲ್ಲಿ ನನ್ನದೊಂದು ಕೋರಿಕೆ. ಸಹಾಯಾರ್ಥ ಟೂರ್ನಿಯ ಸುದ್ದಿ ಹಾಕುವಾಗ ಆಯೋಜಕರನ್ನು ಎರಡು ಅಂಕಿ ಕೇಳಿ. ಒಟ್ಟು ಎಷ್ಟು ಬಂತು, ಉದ್ದೇಶಕ್ಕೆ ಎಷ್ಟು ಹೋಯಿತು. ಫೋಟೊ ಕೆಳಗೆ ಒಂದು ಸಾಲಿನಲ್ಲಿ ಹಿಡಿಯುತ್ತದೆ. ಕೊಡಲ್ಲ ಅಂದರೆ ‘ಕೊಡಲಿಲ್ಲ’ ಎಂದು ಹಾಕಿ. ನಮ್ಮಿಂದಲೇ ಶುರು ಮಾಡಿ, ಮೂರನೇ ವರ್ಷದ ಟೂರ್ನಿ ಹತ್ತಿರ ಬಂದಿದೆ.

ದೂರ ಅಳೆಯುವ ಯಂತ್ರವೊಂದನ್ನು ಈಗಲೇ ಎರವಲು ತಂದಿಟ್ಟಿದ್ದೇನೆ. ಆ ದಿನ ಬೆಳಿಗ್ಗೆ ಆರಕ್ಕೆ ಪಾರ್-3ರ ಟೀ ಹತ್ತಿರ ನಿಂತಿರುತ್ತೇನೆ.

ಇತಿ,
ಒಬ್ಬ ನಿವೃತ್ತ ಕ್ಯಾಷಿಯರ್