ಅಜ್ಜಿಗೆ ಒಂದು ಫೋನ್ ಮಾಡು

ವಾಸ್ಕೋ, ಮಂಗಳವಾರ ರಾತ್ರಿ

ಪ್ರೀತಿಯ ಮಗಳೇ,

ಪುಣೆ ಮುಟ್ಟಿದೆ ಅಂತ ಅಮ್ಮನಿಗೆ ಮೆಸೇಜ್ ಹಾಕಿದೆ. ನನಗೆ ಹಾಕಲಿಲ್ಲ. ಭಾನುವಾರ ಊಟಕ್ಕೆ ಕೂತಾಗ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ಕೂಸಾಗಿದ್ದಾಗ ಆದ ದೀಕ್ಷಾಸ್ನಾನ ನಡೆಯುವುದಿಲ್ಲ, ನಂಬಿದ ಮೇಲೆ ನೀರಿನಲ್ಲಿ ಇಳಿದು ಮತ್ತೆ ತೆಗೆದುಕೊಳ್ಳಬೇಕು ಅಂತ ಅಜ್ಜಿಗೆ ಹೇಳಿದೆ. ಗೋವಾ ಎಕ್ಸ್‌ಪ್ರೆಸ್ ಹೊರಟಾಗಲೂ ನೀನು ನನ್ನ ಕಡೆ ತಿರುಗಲಿಲ್ಲ.

ನೀನು ಹೇಳಿದ್ದರಲ್ಲಿ ಹುರುಳಿದೆ. ಬೈಬಲಿನ ಅಪೊಸ್ತಲರ ಕೃತ್ಯಗಳು 2ರಲ್ಲಿ ದೇವರ ಕಡೆ ತಿರುಗುವುದು ಮೊದಲು, ದೀಕ್ಷಾಸ್ನಾನ ಆಮೇಲೆ. ನಾನು 16ನೇ ಅಧ್ಯಾಯ ತೆಗೆದೆ. ಸೆರೆಯ ಯಜಮಾನನ ಜೊತೆ ಅವನ ಮನೆಯವರಿಗೆಲ್ಲ ದೀಕ್ಷಾಸ್ನಾನ ಆಯಿತಲ್ಲ ಅಂದೆ. ಆ ಮನೆಯಲ್ಲಿ ಕೂಸುಗಳಿದ್ದವಾ ಅಂತ ನೀನು ಕೇಳಿದೆ. ಇದ್ದವು ಅಂತ ಅಲ್ಲಿ ಬರೆದಿಲ್ಲ, ನಿಜ. ಎಷ್ಟು ಓದಿದ್ದಾಳೆ ಅಂತ ಒಳಗೊಳಗೇ ಹಿಗ್ಗಿದೆ. ಆ ಹಿಗ್ಗಿನಲ್ಲೇ ನಿನ್ನನ್ನು ತಡೆಯಲಿಲ್ಲ. ಅದು ನನ್ನ ತಪ್ಪು.

ಒಂದು ವಿಷಯ ನಿನಗೆ ಹೇಳಿಲ್ಲ. 2004ರ ಡಿಸೆಂಬರ್. ನಿನಗೆ ಎರಡು ವರ್ಷ, ಟೈಫಾಯ್ಡ್ ಆಗಿತ್ತು. ಹಳೇ ಗೋವೆಯ ಸೆ ಕ್ಯಾಥೆಡ್ರಲ್‌ನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರದ ದರ್ಶನ ನಡೆದಿತ್ತು. ಹತ್ತು ವರ್ಷಕ್ಕೊಮ್ಮೆ ಬರುವ ದರ್ಶನ. ಕೆಳಗಿನ ಮನೆಯ ಆಂಟಿ ಬಸ್ಸು ಹತ್ತಿ ಹೋಗಿ, ಸಾಲಿನಲ್ಲಿ ನಿಂತು, ನಿನಗೋಸ್ಕರ ಪ್ರಾರ್ಥಿಸಿ ಬಂದಿದ್ದರು. ಕೈಯಲ್ಲಿ ಒಂದು ಮೇಣದ ಬತ್ತಿ. ನಾನು ಬಾಗಿಲಲ್ಲೇ ನಿಂತು 1 ತಿಮೊಥೆಯ 2:5 ಹೇಳಿದೆ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಒಬ್ಬನೇ, ಯೇಸು ಕ್ರಿಸ್ತ ಅಂತ. ಸಂತರ ಹತ್ತಿರ ಬೇಡಬೇಕಿಲ್ಲ ಅಂದ ಹಾಗೆ. ವಾಕ್ಯ ಸರಿಯೇ ಇತ್ತು. ಆಂಟಿ ಏನೂ ಅನ್ನಲಿಲ್ಲ. ಬತ್ತಿಯನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಸುತ್ತುವಾಗ ಕೈ ನಡುಗುತ್ತಿತ್ತು. ಕಾಗದ ಹರಿಯಿತು, ಮತ್ತೆ ಸುತ್ತಿದರು. ಅಷ್ಟು ಹೊತ್ತೂ ನಾನು ನೋಡುತ್ತಾ ನಿಂತಿದ್ದೆ. ಒಳಗೆ ಬನ್ನಿ ಅಂತ ಕೂಡ ಕರೆಯಲಿಲ್ಲ. ಆಮೇಲೆ ಅವರು ನಮ್ಮ ಮೆಟ್ಟಿಲು ಹತ್ತಲಿಲ್ಲ. ಮಾರನೇ ವರ್ಷ ಮಗನ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಕ್ಷಮಿಸಿ ಅಂತ ನಾನು ಕೇಳಲೇ ಇಲ್ಲ. ಕರೆಂಟ್ ಹೋದಾಗ ನಿನ್ನ ಅಮ್ಮ ಮೇಣದ ಬತ್ತಿ ಹಚ್ಚಿದರೆ ಈಗಲೂ ನನಗೆ ಆ ಕೈ ಕಾಣುತ್ತದೆ. ಭಾನುವಾರ ನಿನ್ನ ದನಿಯಲ್ಲಿ ನನ್ನದೇ ದನಿ ಕೇಳಿಸಿತು.

ಕೇಳುವವರಿಗೆ ಉತ್ತರ ಕೊಡಲು ಸಿದ್ಧವಾಗಿರಿ ಅಂತ ಪೇತ್ರ ಬರೆದ. ಅಜ್ಜಿ ನಿನ್ನನ್ನು ಏನು ಕೇಳಿದ್ದಳು? ಇನ್ನೂ ಸ್ವಲ್ಪ ಸಾರು ಹಾಕಲಾ ಅಂತ ಕೇಳಿದ್ದಳು, ಅಷ್ಟೇ. ಬೈಬಲಿನಲ್ಲಿ ಬರುವ ಬೋಧಕ ಅಪೊಲ್ಲೋಸನನ್ನು ನೋಡು. ಅವನಿಗೆ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಅವನ ಮಾತು ಕೇಳಿದ ಗಂಡ ಹೆಂಡತಿ, ಪ್ರಿಸ್ಕಿಲ್ಲಳೂ ಅಕ್ವಿಲನೂ, ಸಭಾಮಂದಿರದಲ್ಲಿ ಎದ್ದು ನಿಂತು ಅವನ ಮಾತು ತಡೆಯಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ತಿಳಿಸಿದರು. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ನಮ್ಮ ಪಕ್ಷದವರೂ ಕಡಿಮೆ ತಪ್ಪು ಮಾಡಿಲ್ಲ. ಮರಳಿ ದೀಕ್ಷಾಸ್ನಾನ ಕೊಟ್ಟ ಅಂತ ಫೆಲಿಕ್ಸ್ ಮಾಂಜ್‌ನನ್ನು 1527ರಲ್ಲಿ ಜೂರಿಕ್‌ನ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದವರು ಕೂಸುಗಳಿಗೆ ನೀರು ಹಾಕುತ್ತಿದ್ದವರೇ. ನೋಡು, ಪತ್ರ ಅಂತ ಕೂತವನು ಪ್ರಸಂಗಕ್ಕೇ ಇಳಿದೆ. ನೀನು ನಿನ್ನ ನಂಬಿಕೆ ಬಿಡಬೇಕು ಅಂತ ನಾನು ಹೇಳುತ್ತಿಲ್ಲ.

ಅಜ್ಜಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಭಯವಾಗಿದೆ. ನಿನ್ನೆ ರಾತ್ರಿ ನನ್ನ ಹಾಸಿಗೆಯ ಹತ್ತಿರ ಬಂದು ಕೇಳಿದಳು: "ಧಾರವಾಡದಾಗ ನಮ್ಮವ್ವ ಮಾಡಿಸಿದ್ದು ನಡೆಯಂಗಿಲ್ಲೇನು? ಈ ಮೊಣಕಾಲು ಇಟಗೊಂಡು ನೀರಾಗ ಹೆಂಗ ಇಳೀಲಿ?" ಎಂಬತ್ತೆರಡು ವರ್ಷದವಳು. ನಾನು ಏನೋ ಸಮಾಧಾನ ಹೇಳಿದೆ. ಅವಳಿಗೆ ಅದು ನಿನ್ನ ಬಾಯಿಂದಲೇ ಬರಬೇಕು.

ರಾತ್ರಿ ಎಂಟಕ್ಕೆ ಪ್ರಾರ್ಥನೆಗೆ ಕೂರುತ್ತಾಳೆ. ಅದಕ್ಕೂ ಮೊದಲು ಫೋನ್ ಮಾಡು.

ನಿನ್ನ ಅಪ್ಪ